ಸ್ಕ್ಯಾನರ್ ಸೆನ್ಸರ್‌ಗೆ 6 ವೋಲ್ಟ್ ಕೊಡಬಹುದಾ? ಡೇಟಾಶೀಟ್‌ನ ಎರಡು ಪಟ್ಟಿಗಳನ್ನು ಓದುವ ಬಗೆ

ಕಾಲೇಜು ಪ್ರಾಜೆಕ್ಟ್‌ಗೆ ಅಂತ ಹಳೇ ಸ್ಕ್ಯಾನರ್ ಬಿಚ್ಚುವವರಿದ್ದಾರೆ. ಜೆರಾಕ್ಸ್ ಅಂಗಡಿಯ ಯಂತ್ರಕ್ಕೆ ಬಿಡಿ ಸೆನ್ಸರ್ ಆನ್‌ಲೈನ್‌ನಲ್ಲಿ ತರಿಸಿ ತಾವೇ ಕೂರಿಸುವವರೂ ಇದ್ದಾರೆ. ಇಬ್ಬರಿಗೂ ಒಂದಲ್ಲ ಒಂದು ಹಂತದಲ್ಲಿ ಡೇಟಾಶೀಟ್, ಅಂದರೆ ಬಿಡಿಭಾಗದ ಗುಣ, ಮಿತಿಗಳನ್ನು ತಯಾರಕರು ಬರೆದುಕೊಡುವ ಹಾಳೆ, ನೋಡಬೇಕಾಗುತ್ತದೆ. ಅದರಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದರ ತಲೆಬರಹ ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್’, ಅಂದರೆ ದಾಟಲೇಬಾರದ ಮಿತಿಗಳು. ಇನ್ನೊಂದು ‘ರೆಕಮೆಂಡೆಡ್ ಆಪರೇಟಿಂಗ್ ಕಂಡಿಷನ್ಸ್’, ಅಂದರೆ ಕೆಲಸಕ್ಕೆ ಶಿಫಾರಸು ಮಾಡಿದ ಮಿತಿಗಳು. ಎರಡರಲ್ಲೂ ವೋಲ್ಟೇಜ್ ಇದೆ, ಎರಡರಲ್ಲೂ ಉಷ್ಣಾಂಶ ಇದೆ. ಅಂಕಿಗಳು ಮಾತ್ರ ಬೇರೆ ಬೇರೆ. ಯಾವುದನ್ನು ಹಿಡಿದು ಕೆಲಸ ಮಾಡಬೇಕು?

ಎರಡನೆಯದನ್ನು. ಆದರೆ ಹಾಗೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ಮೊದಲ ಪಟ್ಟಿಯ ದೊಡ್ಡ ಅಂಕಿ ಎಲ್ಲರನ್ನೂ ಎಳೆಯುತ್ತದೆ.

ಮೊದಲು, ಈ ಸೆನ್ಸರ್ ಅಂದರೆ ಏನು

ಕಾಂಟ್ಯಾಕ್ಟ್ ಇಮೇಜ್ ಸೆನ್ಸರ್, ಚಿಕ್ಕದಾಗಿ ಸಿಐಎಸ್, ಅನ್ನುವುದು ಉದ್ದನೆಯ ಪಟ್ಟಿಯಂಥ ಒಂದು ಸಾಧನ. ಎ4 ಸ್ಕ್ಯಾನರ್‌ನಲ್ಲಿ ಗಾಜಿನ ಕೆಳಗೆ ಸರಿದಾಡುವ ಆ ಬೆಳಕಿನ ಗೆರೆಯ ಜಾಗದಲ್ಲಿ ಇರುವುದು ಇದೇ. ಇದರೊಳಗೆ ಮೂರು ಭಾಗಗಳಿವೆ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಕಾಗದದ ಮೇಲೆ ಬೆಳಕು ಚೆಲ್ಲುತ್ತವೆ. ಕಡ್ಡಿಯಂಥ ಪುಟ್ಟ ಲೆನ್ಸ್‌ಗಳ ಸಾಲು ಕಾಗದದ ಬಿಂಬವನ್ನು ಇದ್ದಷ್ಟೇ ಗಾತ್ರದಲ್ಲಿ ಕೆಳಗೆ ಇಳಿಸುತ್ತದೆ. ತಳದಲ್ಲಿ ಒಂದರ ಪಕ್ಕ ಒಂದು ಜೋಡಿಸಿದ ಸಿಲಿಕಾನ್ ಚಿಪ್‌ಗಳು ಆ ಬೆಳಕನ್ನು ವೋಲ್ಟೇಜ್ ಆಗಿ ಬದಲಿಸುತ್ತವೆ.

ಫ್ಯಾಕ್ಸ್ ಯಂತ್ರದಲ್ಲಿ 216 ಮಿಲಿಮೀಟರ್ ಅಗಲಕ್ಕೆ 1,728 ಚುಕ್ಕಿಗಳಿದ್ದವು, ಅಂದರೆ ಮಿಲಿಮೀಟರಿಗೆ 8. ಈಗ ಸಾಮಾನ್ಯವಾಗಿರುವ 600 ಡಿಪಿಐ (ಒಂದು ಇಂಚಿಗೆ 600 ಚುಕ್ಕಿ) ಸೆನ್ಸರ್‌ನಲ್ಲಿ ಅದೇ ಅಗಲಕ್ಕೆ ಸುಮಾರು 5,100 ಚುಕ್ಕಿ. ಬಣ್ಣದ ಸ್ಕ್ಯಾನ್ ಆದರೆ ಒಂದೇ ಗೆರೆಯನ್ನು ಮೂರು ಸಲ ಓದುತ್ತದೆ: ಒಮ್ಮೆ ಕೆಂಪು ಬೆಳಕಲ್ಲಿ, ಒಮ್ಮೆ ಹಸಿರಲ್ಲಿ, ಒಮ್ಮೆ ನೀಲಿಯಲ್ಲಿ.

ಇದು ಖರ್ಚು ಮಾಡುವ ಕರೆಂಟ್ ತೀರಾ ಕಡಿಮೆ. ಕ್ಯಾನನ್‌ನ ಲೈಡ್ ಸರಣಿಯ ಸ್ಕ್ಯಾನರ್‌ಗಳು ಬೇರೆ ಅಡಾಪ್ಟರ್ ಇಲ್ಲದೆ ಒಂದೇ ಯುಎಸ್‌ಬಿ ವೈರಿನಿಂದ ನಡೆಯುವುದು ಅದಕ್ಕೇ. ಹಳೇ ಮಾದರಿಯ ಸ್ಕ್ಯಾನರ್‌ಗಳಲ್ಲಿ ಟ್ಯೂಬ್‌ಲೈಟ್ ಜಾತಿಯ ದೀಪವಿತ್ತು, ಅದಕ್ಕೆ ಹೈವೋಲ್ಟೇಜ್ ಸರ್ಕ್ಯೂಟ್ ಬೇಕಿತ್ತು.

ಮುಂದೆ ಬೇಕಾಗುವ ಮಾತು ಒಂದಿದೆ. ಒಂದೇ ಸೆನ್ಸರ್ ಒಳಗೆ ಎರಡು ಬೇರೆ ಸ್ವಭಾವದ ವಸ್ತುಗಳಿವೆ, ಚಿಪ್ ಮತ್ತು ಎಲ್‌ಇಡಿ. ಚಿಪ್‌ಗೆ ಮಿತಿ ಇರುವುದು ಮುಖ್ಯವಾಗಿ ವೋಲ್ಟೇಜ್‌ನಲ್ಲಿ. ಎಲ್‌ಇಡಿಗೆ ಕರೆಂಟ್‌ನಲ್ಲಿ. ಡೇಟಾಶೀಟ್‌ನಲ್ಲಿ ಎರಡೂ ಒಟ್ಟಿಗೆ ಕಲೆತು ಬರುತ್ತವೆ, ಗೊಂದಲ ಶುರುವಾಗುವುದೂ ಅಲ್ಲೇ.

ಎರಡು ಪಟ್ಟಿಗಳು ಹೇಳುವುದೇನು

ಪ್ರೆಶರ್ ಕುಕ್ಕರ್ ನೆನಪಿಸಿಕೊಳ್ಳಿ. ವಿಷಲ್ ಕೂಗುವ ಒತ್ತಡ ಒಂದು, ಸೇಫ್ಟಿ ವಾಲ್ವ್ ಹಾರಿಹೋಗುವ ಒತ್ತಡ ಇನ್ನೊಂದು. ಅಡುಗೆ ನಡೆಯುವುದು ವಿಷಲ್‌ನ ಲೆಕ್ಕದಲ್ಲಿ. ವಾಲ್ವ್ ಹಾರುವ ತನಕ ಕಾಯಿಸಿ ಅನ್ನ ಮಾಡುವವರು ಯಾರೂ ಇಲ್ಲ. ರೆಕಮೆಂಡೆಡ್ ಪಟ್ಟಿ ವಿಷಲ್ ಇದ್ದ ಹಾಗೆ: ಇಷ್ಟರೊಳಗೆ ಇಟ್ಟರೆ ಸೆನ್ಸರ್ ಹೇಳಿದಂತೆ ಕೆಲಸ ಮಾಡುತ್ತದೆ ಅನ್ನುವ ಮಾತು. ಆಬ್ಸಲ್ಯೂಟ್ ಪಟ್ಟಿಯಲ್ಲಿ ಕೆಲಸದ ಮಾತೇ ಇಲ್ಲ. ಇದನ್ನು ದಾಟಿದರೆ ಶಾಶ್ವತ ಹಾನಿ ಆಗಬಹುದು ಅಂತ ಮಾತ್ರ ಹೇಳುತ್ತದೆ. ಕುಕ್ಕರ್‌ಗೂ ಇದಕ್ಕೂ ಒಂದು ವ್ಯತ್ಯಾಸವೂ ಇದೆ. ಸೆನ್ಸರ್‌ಗೆ ಸೇಫ್ಟಿ ವಾಲ್ವ್ ಇಲ್ಲ. ಮಿತಿ ದಾಟಿದ್ದು ಗೊತ್ತಾಗದೇ ಹೋಗಬಹುದು.

ಎರಡರ ನಡುವೆ ಉಳಿಯುವ ಜಾಗದಲ್ಲಿ ಏನಾಗುತ್ತದೆ? ಸೆನ್ಸರ್ ಸುಡುವುದಿಲ್ಲ, ಆದರೆ ಸರಿಯಾಗಿ ಓದುತ್ತದೆ ಅಂತಲೂ ಯಾರೂ ಮಾತು ಕೊಟ್ಟಿಲ್ಲ. ಹೆಚ್ಚು ಹೊತ್ತು ಅಲ್ಲೇ ಇಟ್ಟರೆ ಆಯುಷ್ಯ ಕಡಿಮೆಯಾಗಬಹುದು ಎಂಬ ಎಚ್ಚರಿಕೆಯನ್ನು ಬಹುತೇಕ ಡೇಟಾಶೀಟ್‌ಗಳು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ.

ಹೀಗೆ ಗರಿಷ್ಠ ಮಿತಿ ಬರೆದುಕೊಡುವ ಪದ್ಧತಿ ಚಿಪ್‌ಗಳ ಕಾಲದ್ದಲ್ಲ, ಗಾಜಿನ ವಾಲ್ವ್ (ವ್ಯಾಕ್ಯೂಮ್ ಟ್ಯೂಬ್) ರೇಡಿಯೊಗಳ ಕಾಲದ್ದು. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ 1961ರಲ್ಲಿ ಐಇಸಿ 134 ಎಂಬ ಮಾನದಂಡದಲ್ಲಿ ಇದನ್ನು ಬರೆದಿಟ್ಟಿತು. ಆಗ ‘ಡಿಸೈನ್ ಸೆಂಟರ್’ ಎಂಬ ಇನ್ನೊಂದು ಪದ್ಧತಿಯೂ ಇತ್ತು. ಅದರಲ್ಲಿ ಮನೆಯ ಕರೆಂಟ್ ಮಾಮೂಲಿನಂತೆ ಏರಿಳಿದರೆ ಅದನ್ನು ತಾಳುವಷ್ಟು ಅಂತರವನ್ನು ವಾಲ್ವ್ ತಯಾರಕರೇ ಲೆಕ್ಕಕ್ಕೆ ಸೇರಿಸಿ ಅಂಕಿ ಕೊಡುತ್ತಿದ್ದರು. ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್’ ಪದ್ಧತಿಯಲ್ಲಿ ಹಾಗಿಲ್ಲ. ಕರೆಂಟ್ ಏರಲಿ, ಬೇರೆ ಬಿಡಿಭಾಗ ಸ್ವಲ್ಪ ಹೆಚ್ಚುಕಮ್ಮಿ ಇರಲಿ, ಕೋಣೆ ಕಾಯಲಿ, ಎಂಥ ಕೆಟ್ಟ ಸಂದರ್ಭದಲ್ಲೂ ಈ ಗೆರೆ ದಾಟದಂತೆ ನೋಡಿಕೊಳ್ಳುವ ಹೊಣೆ ಉಪಕರಣ ಕಟ್ಟುವವರದ್ದು. ಇಂದಿನ ಡೇಟಾಶೀಟ್‌ಗಳಲ್ಲಿ ಉಳಿದಿರುವುದು ಈ ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್’ ಪದ್ಧತಿ. ಅಂದರೆ ಸೆನ್ಸರ್ ಬಿಚ್ಚಿ ಪ್ರಾಜೆಕ್ಟ್ ಮಾಡುವಾಗ ಆ ಹೊಣೆ ನಿಮ್ಮದು!

ಒಂದು ನಿಜವಾದ ಹಾಳೆ

ಟಿಎಸ್‌ಎಲ್1401 ಅಂತ ಒಂದು ಚಿಕ್ಕ ಸೆನ್ಸರ್ ಇದೆ. ಇದು ಪೂರ್ತಿ ಸಿಐಎಸ್ ಪಟ್ಟಿ ಅಲ್ಲ, ಅದರ ಒಂದು ತುಂಡಿನಂತೆ: ಎಲ್‌ಇಡಿ ಇಲ್ಲ, ಲೆನ್ಸ್ ಇಲ್ಲ, ಸಾಲಾಗಿ 128 ಚುಕ್ಕಿ, 400 ಡಿಪಿಐ. ಗೆರೆ ಹಿಡಿದು ಓಡುವ ಕಾರುಗಳ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ತುಂಬಾ ಬಳಕೆಯಾಗಿದೆ.

ಇದರ ಆಬ್ಸಲ್ಯೂಟ್ ಪಟ್ಟಿಯಲ್ಲಿ ಸಪ್ಲೈ ವೋಲ್ಟೇಜ್ –0.3ರಿಂದ 6 ವೋಲ್ಟ್. ರೆಕಮೆಂಡೆಡ್ ಪಟ್ಟಿಯಲ್ಲಿ 3ರಿಂದ 5.5. ನಡುವೆ ಉಳಿದದ್ದು ಬರೀ ಅರ್ಧ ವೋಲ್ಟ್. ಅಂದರೆ ತಲೆಬರಹದ ಪ್ರಶ್ನೆಗೆ ಉತ್ತರ: 6 ಕೊಡಬಾರದು, 5.5ರೊಳಗೇ ಇರಬೇಕು. ಉಷ್ಣಾಂಶವೂ ಎರಡು ಕಡೆ ಇದೆ: ಮೊದಲನೆಯದರಲ್ಲಿ –25ರಿಂದ 85 ಡಿಗ್ರಿ, ಎರಡನೆಯದರಲ್ಲಿ 0ಯಿಂದ 70. ಒಂದೇ ಹಾಳೆಯಲ್ಲಿ ಒಂದೇ ವಿಷಯಕ್ಕೆ ಎರಡು ಅಂಕಿ ಕಂಡಾಗ ಅಚ್ಚುತಪ್ಪು ಅಂದುಕೊಳ್ಳಬಾರದು. 85ರಲ್ಲಿ ಅದು ಬದುಕಿರುತ್ತದೆ, 70ರ ತನಕ ಕೆಲಸ ಮಾಡುತ್ತದೆ.

5 ವೋಲ್ಟ್ ಅಂತ ಬರೆದ ಸಪ್ಲೈ ಕೂಡ ನಿಜವಾಗಿ 5 ಇರುವುದಿಲ್ಲ. ಯುಎಸ್‌ಬಿ 2.0 ನಿಯಮದಂತೆ ಕಂಪ್ಯೂಟರ್ ಪೋರ್ಟ್‌ನಲ್ಲಿ 4.75ರಿಂದ 5.25ರ ತನಕ ಏನು ಬೇಕಾದರೂ ಇರಬಹುದು. ವೈರ್ ಉದ್ದ, ತೆಳ್ಳಗೆ ಇದ್ದರೆ ಇನ್ನೂ ಇಳಿಯುತ್ತದೆ. ರೆಕಮೆಂಡೆಡ್ ಪಟ್ಟಿಯಲ್ಲಿ ಒಂದೇ ಅಂಕಿ ಕೊಡದೆ ‘ಇಷ್ಟರಿಂದ ಇಷ್ಟು’ ಅಂತ ಕೊಡುವುದು ಇಂಥ ಏರಿಳಿತಕ್ಕೆ.

ದಾಟಿದರೆ ಒಳಗೆ ಆಗುವುದು

ಚಿಪ್‌ನ ಪ್ರತಿ ಟ್ರಾನ್ಸಿಸ್ಟರ್‌ನಲ್ಲೂ ಒಂದು ತೆಳುವಾದ ಗಾಜಿನ ಪದರವಿದೆ, ಸಿಲಿಕಾನ್ ಆಕ್ಸೈಡ್. 3.3 ವೋಲ್ಟ್ ಚಿಪ್‌ಗಳಲ್ಲಿ ಅದರ ದಪ್ಪ ಸುಮಾರು 7 ನ್ಯಾನೊಮೀಟರ್. ಒಳ್ಳೆಯ ಆಕ್ಸೈಡ್ ಒಂದು ನ್ಯಾನೊಮೀಟರಿಗೆ ಹೆಚ್ಚುಕಮ್ಮಿ 1 ವೋಲ್ಟ್ ತಾಳುತ್ತದೆ. ಹಾಗಾದರೆ 5 ವೋಲ್ಟ್ ಕೊಟ್ಟ ಕೂಡಲೇ ಒಡೆಯುವುದಿಲ್ಲವಲ್ಲ? ಒಡೆಯುವುದಿಲ್ಲ. ಆದರೆ ಒತ್ತಡ ಹೆಚ್ಚಾದಷ್ಟೂ ಆ ಪದರದೊಳಗೆ ಸಣ್ಣ ಸಣ್ಣ ದೋಷಗಳು ಹುಟ್ಟಿಕೊಳ್ಳುತ್ತಾ ಹೋಗುತ್ತವೆ. ಒಂದು ದಿನ ಅವು ಸಾಲಾಗಿ ಸೇರಿ ದಾರಿ ಮಾಡಿಕೊಂಡಾಗ ಪದರ ತೂತಾಗುತ್ತದೆ. ‘ನಾನು 5 ವೋಲ್ಟ್ ಕೊಟ್ಟೆ, ಏನೂ ಆಗಲಿಲ್ಲ’ ಅನ್ನುವ ಮಾತು ಸುಳ್ಳಲ್ಲ. ಅದು ಆ ದಿನದ ಮಟ್ಟಿಗೆ ನಿಜ, ಅಷ್ಟೇ.

ಇನ್ನೊಂದು ತೊಂದರೆ ಇದರಷ್ಟು ನಿಧಾನದ್ದಲ್ಲ. ಅದು ಲ್ಯಾಚ್-ಅಪ್. ಚಿಪ್‌ನಲ್ಲಿ ಪಕ್ಕಪಕ್ಕದ ಪದರಗಳು ಸೇರಿ, ಯಾರೂ ಬೇಕು ಅಂತ ಮಾಡದ ಒಂದು ಸ್ವಿಚ್ ತಾನಾಗೇ ಏರ್ಪಟ್ಟಿರುತ್ತದೆ. ಮಾಮೂಲಿಗೆ ಅದು ಮಲಗಿರುತ್ತದೆ. ಯಾವುದಾದರೂ ಪಿನ್‌ಗೆ ಮಿತಿ ಮೀರಿ ವೋಲ್ಟೇಜ್ ಬಂದು ಒಳಗೆ ಕರೆಂಟ್ ನುಗ್ಗಿದರೆ ಎಚ್ಚೆತ್ತು, ಸಪ್ಲೈ ಮತ್ತು ಗ್ರೌಂಡ್ ನಡುವೆ ಶಾರ್ಟ್ ಮಾಡಿಬಿಡುತ್ತದೆ. ನುಗ್ಗಿದ್ದು ನಿಂತರೂ ಶಾರ್ಟ್ ನಿಲ್ಲುವುದಿಲ್ಲ. ಪವರ್ ತೆಗೆದರೆ ಮಾತ್ರ ಬಿಡುತ್ತದೆ. ಅಷ್ಟರಲ್ಲಿ ಚಿಪ್ ಕೈ ಸುಡುವಷ್ಟು ಬಿಸಿಯಾಗಿರಬಹುದು.

‘ವಿಡಿಡಿ + 0.3’ ಅನ್ನುವ ಪುಟ್ಟ ಸಾಲು

ಬಿಡಿ ಸೆನ್ಸರ್‌ಗಳು ಕೆಡುವುದಕ್ಕೆ ಸಪ್ಲೈಗಿಂತ ಈ ಸಾಲನ್ನು ಮರೆಯುವುದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಇನ್‌ಪುಟ್ ಪಿನ್‌ಗಳ ಮಿತಿಯನ್ನು ‘–0.3ರಿಂದ ವಿಡಿಡಿ + 0.3’ ಅಂತ ಬರೆದಿರುತ್ತಾರೆ. ವಿಡಿಡಿ ಅಂದರೆ ಸೆನ್ಸರ್‌ಗೆ ಆ ಹೊತ್ತಿಗೆ ಸಿಗುತ್ತಿರುವ ಸಪ್ಲೈ ವೋಲ್ಟೇಜ್.

0.3 ಯಾಕೆ? ಪ್ರತಿ ಪಿನ್‌ಗೂ ಒಳಗೆ ಎರಡು ರಕ್ಷಣೆಯ ಡಯೋಡ್‌ಗಳಿರುತ್ತವೆ. ಒಂದು ಸಪ್ಲೈ ಕಡೆಗೆ, ಒಂದು ಗ್ರೌಂಡ್ ಕಡೆಗೆ. ಕೈಯಿಂದ ಹಾರುವ ಸ್ಟ್ಯಾಟಿಕ್ ಕಿಡಿಯನ್ನು ಪಕ್ಕಕ್ಕೆ ಹರಿಸುವುದು ಅವುಗಳ ಕೆಲಸ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. 0.3ರ ಒಳಗಿದ್ದರೆ ಖಂಡಿತ ಮುಚ್ಚಿರುತ್ತದೆ. ಅದನ್ನು ಮೀರಿದರೆ ಡಯೋಡ್ ತೆರೆದು, ಹೋಗಬಾರದ ದಾರಿಯಲ್ಲಿ ಕರೆಂಟ್ ಹರಿಯುತ್ತದೆ. ಮೇಲೆ ಹೇಳಿದ ಲ್ಯಾಚ್-ಅಪ್‌ಗೆ ಇದೇ ಬಾಗಿಲು.

ಪ್ರಾಜೆಕ್ಟ್‌ಗಳಲ್ಲಿ ಸೆನ್ಸರ್ ನಡೆಸಲು ಬಳಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಉನೊದ ಪಿನ್‌ಗಳು 5 ವೋಲ್ಟ್ ಹೊರಡಿಸುತ್ತವೆ. ನಿಮ್ಮ ಸಿಐಎಸ್ ಪಟ್ಟಿ 3.3 ವೋಲ್ಟ್‌ನದ್ದಾದರೆ ಅದರ ಇನ್‌ಪುಟ್ ಮಿತಿ 3.6. ನೇರವಾಗಿ ವೈರ್ ಹಾಕಿದರೆ 1.4 ವೋಲ್ಟ್ ಜಾಸ್ತಿ ಹೋಯಿತು. ನಡುವೆ ಸಿಗ್ನಲ್‌ನ ವೋಲ್ಟೇಜ್ ಇಳಿಸುವ ಒಂದು ಲೆವೆಲ್ ಶಿಫ್ಟರ್ ಹಾಕಬೇಕು. ಇಲ್ಲವೇ ಇಎಸ್‌ಪಿ32, ರಾಸ್ಪ್‌ಬೆರಿ ಪೈ ಥರದ 3.3 ವೋಲ್ಟ್ ಬೋರ್ಡ್ ಬಳಸಬೇಕು. ಉಲ್ಟಾ ದಿಕ್ಕಿನಲ್ಲೂ ಇದೇ ಕಥೆ. ಟಿಎಸ್‌ಎಲ್1401 ಅನ್ನು 5 ವೋಲ್ಟ್‌ನಲ್ಲಿ ನಡೆಸಿದರೆ ಜೋರು ಬೆಳಕಿನಲ್ಲಿ ಅದರ ಔಟ್‌ಪುಟ್ 5ರ ಹತ್ತಿರಕ್ಕೆ ಏರುತ್ತದೆ. ಅದನ್ನು ಇಎಸ್‌ಪಿ32ಗೆ ಕೊಟ್ಟರೆ ಈ ಸಲ ಪೆಟ್ಟು ಬೀಳುವುದು ಬೋರ್ಡ್‌ಗೆ.

ಇನ್ನೂ ಸೂಕ್ಷ್ಮವಾದ ಸಂಗತಿ ಇದೆ. ಸೆನ್ಸರ್ ಆಫ್ ಆಗಿದ್ದಾಗ ವಿಡಿಡಿ ಎಷ್ಟು? ಸೊನ್ನೆ. ಹಾಗಾದರೆ ಇನ್‌ಪುಟ್ ಮಿತಿ ಬರೀ 0.3 ವೋಲ್ಟ್! ಬೋರ್ಡ್ ಆನ್ ಆಗಿ ಕ್ಲಾಕ್ (ಸೆನ್ಸರ್ ಓದುವ ವೇಗ ನಿಗದಿ ಮಾಡುವ ತಾಳದಂಥ ಸಿಗ್ನಲ್) ಕಳಿಸುತ್ತಿದೆ, ಸೆನ್ಸರ್‌ಗೆ ಇನ್ನೂ ಪವರ್ ಬಂದಿಲ್ಲ ಅಂದರೆ ಮಿತಿ ದಾಟಿ ಆಯಿತು. ಕ್ಲಾಕ್ ಪಿನ್‌ನ ಡಯೋಡ್ ಮೂಲಕ ಸೆನ್ಸರ್ ಅರೆಬರೆ ಜೀವ ಪಡೆದು ಏನೇನೋ ಓದುತ್ತದೆ. ಆದ್ದರಿಂದ ಮೊದಲು ಸೆನ್ಸರ್‌ಗೆ ಸಪ್ಲೈ, ಆಮೇಲೆ ಸಿಗ್ನಲ್. ಆಫ್ ಮಾಡುವಾಗ ಇದರ ಉಲ್ಟಾ. ಪವರ್ ಇರುವಾಗಲೇ ಚಪ್ಪಟೆ ಕೇಬಲ್ ಎಳೆದು ಹಾಕುವುದೂ ಇದೇ ತಪ್ಪು. ಯಾವ ಪಿನ್ ಮೊದಲು ತಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ಸ್ಟ್ಯಾಟಿಕ್ ಬಗ್ಗೆಯೂ ಒಂದು ಮಾತು. ಮನುಷ್ಯನಿಗೆ ಸ್ಟ್ಯಾಟಿಕ್ ಚುರುಕ್ ಅಂತ ಗೊತ್ತಾಗುವುದು ಸುಮಾರು 3,000 ವೋಲ್ಟ್ ದಾಟಿದ ಮೇಲೆ. ಅದಕ್ಕಿಂತ ಕಡಿಮೆಯಲ್ಲೂ ಚಿಪ್‌ಗೆ ಏಟಾಗಬಹುದು, ನಿಮಗೆ ಸುಳಿವೂ ಸಿಗುವುದಿಲ್ಲ. ಮುಟ್ಟುವ ಮೊದಲು ಗ್ರೌಂಡ್ ಆದ ಲೋಹ ಮುಟ್ಟಿ, ಸೆನ್ಸರನ್ನು ಅಂಚಿನಲ್ಲಿ ಹಿಡಿಯಿರಿ.

ಎಲ್‌ಇಡಿಯ ಲೆಕ್ಕ ಬೇರೆ

ಎಲ್‌ಇಡಿಗೆ ‘ಇಷ್ಟು ವೋಲ್ಟ್ ಕೊಡಿ’ ಅನ್ನುವುದು ಅರ್ಧ ಮಾತು. ಅದು ಹೊತ್ತಿಕೊಂಡ ಮೇಲೆ ವೋಲ್ಟೇಜ್ ಒಂದಿಷ್ಟೇ ಏರಿದರೂ ಕರೆಂಟ್ ಜಿಗಿಯುತ್ತದೆ. ಅದಕ್ಕೇ ಮಿತಿಯನ್ನು ಮಿಲಿಆಂಪ್‌ನಲ್ಲಿ ಕೊಡುತ್ತಾರೆ. ಕೆಂಪು ಎಲ್‌ಇಡಿ ಉರಿಯುವಾಗ ತನ್ನ ಮೇಲೆ ಸುಮಾರು 2 ವೋಲ್ಟ್ ಉಳಿಸಿಕೊಳ್ಳುತ್ತದೆ. ಹಸಿರು, ನೀಲಿ 3 ಅಥವಾ ಸ್ವಲ್ಪ ಜಾಸ್ತಿ. ಈ ವ್ಯತ್ಯಾಸದಿಂದ ಏನಾಗುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ.

ಸಪ್ಲೈ 5 ವೋಲ್ಟ್, ಬೇಕಾದ ಕರೆಂಟ್ 20 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ನೀಲಿ ಎಲ್‌ಇಡಿ 3.2 ವೋಲ್ಟ್ ತೆಗೆದುಕೊಂಡರೆ ಉಳಿದದ್ದು 1.8. ಅದಕ್ಕೆ 90 ಓಮ್ ರೆಸಿಸ್ಟರ್. ಕೆಂಪಿಗೆ ಉಳಿದದ್ದು 3 ವೋಲ್ಟ್, 150 ಓಮ್. ಈಗ ಸಪ್ಲೈ 4.5ಕ್ಕೆ ಇಳಿಯಿತು. ನೀಲಿಗೆ ಉಳಿದದ್ದು 1.3 ವೋಲ್ಟ್, ಕರೆಂಟ್ 14.4 ಮಿಲಿಆಂಪ್. ಕೆಂಪಿಗೆ 2.5 ವೋಲ್ಟ್, 16.7 ಮಿಲಿಆಂಪ್. ಸಪ್ಲೈ ಇಳಿದದ್ದು ಶೇ. 10. ನೀಲಿಯ ಕರೆಂಟ್ ಇಳಿದದ್ದು ಶೇ. 28, ಕೆಂಪಿನದ್ದು ಶೇ. 17. ಕಾಗದದ ಬಿಳಿ ಕೆಂಪಗೆ ವಾಲುತ್ತದೆ. ಎಲ್‌ಇಡಿಯ ವೋಲ್ಟೇಜ್ ಬದಲಾಗುವುದಿಲ್ಲ ಅಂತ ಹಿಡಿದು ಮಾಡಿದ ಸರಳ ಲೆಕ್ಕ ಇದು. ದಿಕ್ಕು ಮಾತ್ರ ಇದೇ.

ಏನೂ ಸುಟ್ಟಿಲ್ಲ, ಯಾವ ಆಬ್ಸಲ್ಯೂಟ್ ಮಿತಿಯೂ ದಾಟಿಲ್ಲ, ಆದರೂ ಸ್ಕ್ಯಾನ್ ಕೆಟ್ಟಿದೆ. ರೆಕಮೆಂಡೆಡ್ ಪಟ್ಟಿಯಲ್ಲಿ ಕೆಳಗಿನ ಗೆರೆಯೂ ಇರುವುದು ಇಂಥದ್ದಕ್ಕೆ. ಸ್ಕ್ಯಾನರ್‌ಗಳು ಪ್ರತಿ ಸಲ ಒಂದು ಬಿಳಿ ಪಟ್ಟಿ ನೋಡಿ ತಮ್ಮನ್ನು ತಾವು ಸರಿಮಾಡಿಕೊಳ್ಳುತ್ತವೆ, ನಿಜ. ಆದರೆ ಹಾಳೆಯ ನಡುವೆ ಸಪ್ಲೈ ಕುಸಿದರೆ ಆ ತಿದ್ದುಪಡಿ ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಇದೇ ಸಪ್ಲೈ 5.5ಕ್ಕೆ ಏರಿದರೆ ನೀಲಿ ಎಲ್‌ಇಡಿಗೆ 25 ಮಿಲಿಆಂಪ್‌ಗಿಂತ ಜಾಸ್ತಿ ಹೋಗುತ್ತದೆ. ಅದು ಮಿತಿಯೊಳಗಿದೆಯೇ ಅನ್ನುವುದು ಶಾಖದ ಮೇಲೂ ನಿಂತಿದೆ. ಪಟ್ಟಿಯಲ್ಲಿ ಕೊಟ್ಟ ಗರಿಷ್ಠ ಕರೆಂಟ್ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ಸುತ್ತಲಿನ ಗಾಳಿ ಬಿಸಿಯಾದಂತೆ ಆ ಮಿತಿಯನ್ನು ತಗ್ಗಿಸಬೇಕು. ಮೂರು ಬಣ್ಣಗಳು ಸರದಿಯಂತೆ ಮಿನುಗುವುದರಿಂದ ಪ್ರತಿಯೊಂದಕ್ಕೂ ನಡುವೆ ಆರಲು ಸಮಯ ಸಿಗುತ್ತದೆ. ಮಿನುಗುವಾಗಿನ ಮಿತಿ ಅಂತ ಕೊಟ್ಟ ಅಂಕಿಯನ್ನು ಸದಾ ಉರಿಯುವ ದೀಪಕ್ಕೆ ಬಳಸಬಾರದು. ಎಲ್‌ಇಡಿ ಉಲ್ಟಾ ಜೋಡಿಸಿದರೂ ತೊಂದರೆ. ಉಲ್ಟಾ ದಿಕ್ಕಿನಲ್ಲಿ ಅದರ ಮಿತಿ ಸಾಮಾನ್ಯವಾಗಿ ಬರೀ 5 ವೋಲ್ಟ್.

ಕ್ಲಾಕ್‌ಗೆ ಕನಿಷ್ಠ ಮಿತಿಯೂ ಯಾಕೆ

ಕ್ಲಾಕ್‌ನ ಪ್ರತಿ ತಟ್ಟಿಗೆ ಸೆನ್ಸರ್ ಒಂದು ಚುಕ್ಕಿಯ ವೋಲ್ಟೇಜ್ ಹೊರಗೆ ಕೊಡುತ್ತದೆ. 5,100 ಚುಕ್ಕಿಗಳನ್ನು 5 ಮೆಗಾಹರ್ಟ್ಜ್‌ನಲ್ಲಿ ಓದಲು ಸುಮಾರು 1 ಮಿಲಿಸೆಕೆಂಡ್. ಎ4 ಹಾಳೆಯ ಉದ್ದಕ್ಕೆ 600 ಡಿಪಿಐನಲ್ಲಿ ಸುಮಾರು 7,000 ಗೆರೆ, ಬಣ್ಣಕ್ಕೆ ಮೂರು ಪಟ್ಟು. ಒಟ್ಟು 21 ಸೆಕೆಂಡ್. ಅವಸರ ಅಂತ ಕ್ಲಾಕ್ ಏರಿಸಿದರೆ ಒಂದು ಚುಕ್ಕಿಯ ವೋಲ್ಟೇಜ್ ನೆಲೆ ನಿಲ್ಲುವ ಮೊದಲೇ ಮುಂದಿನದು ಬರುತ್ತದೆ, ಅಕ್ಷರದ ಅಂಚು ಕಲಸಿಹೋಗುತ್ತದೆ. ತಯಾರಕರು ವೇಗ ಬೇಕಾದಾಗ ಸೆನ್ಸರನ್ನು ಭಾಗ ಮಾಡಿ ಎರಡು ಮೂರು ಔಟ್‌ಪುಟ್ ಕೊಡುವುದು ಇದಕ್ಕೇ.

ತೀರಾ ನಿಧಾನವೂ ಆಗುವುದಿಲ್ಲ. ಟಿಎಸ್‌ಎಲ್1401ರ ಕ್ಲಾಕ್ 5 ಕಿಲೋಹರ್ಟ್ಜ್‌ನಿಂದ 8 ಮೆಗಾಹರ್ಟ್ಜ್‌ನ ನಡುವೆ ಇರಬೇಕು. ಬೆಳಕು ತುಂಬಿಸಿಕೊಳ್ಳುವ ಸಮಯ 100 ಮಿಲಿಸೆಕೆಂಡ್ ಮೀರಬಾರದು. ಓದಿದ ಬೆಲೆಗಳು ಒಳಗಿನ ಪುಟಾಣಿ ಕೆಪಾಸಿಟರ್‌ಗಳಲ್ಲಿ ಕಾಯುತ್ತಿರುತ್ತವೆ. ಅವು ಸೋರುತ್ತವೆ. ಸಾಲಿನ ಕೊನೆಯ ಚುಕ್ಕಿಯ ಸರದಿ ಬರುವಷ್ಟರಲ್ಲಿ ಅದರ ಬೆಲೆ ಬದಲಾಗಿರುತ್ತದೆ. ನಿಧಾನ ಮಾಡಿದರೆ ಚಿಪ್‌ಗೆ ಯಾವ ಹಾನಿಯೂ ಇಲ್ಲ, ಆದ್ದರಿಂದ ಈ ಅಂಕಿಗಳು ಆಬ್ಸಲ್ಯೂಟ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಬಿಸಿ ಮತ್ತು ತೇವ

ಕತ್ತಲಲ್ಲೂ ಸಿಲಿಕಾನ್‌ನಲ್ಲಿ ಒಂದಿಷ್ಟು ಕರೆಂಟ್ ಸೋರುತ್ತದೆ. ಅದು ಸುಮಾರು 8 ಡಿಗ್ರಿ ಏರಿದಾಗಲೆಲ್ಲ ದುಪ್ಪಟ್ಟಾಗುತ್ತದೆ. 25ರಿಂದ 50ಕ್ಕೆ ಹೋದರೆ ಹತ್ತಿರ ಹತ್ತಿರ ಎಂಟು ಪಟ್ಟು. ಕಪ್ಪು ಅಕ್ಷರ ಬೂದು ಬಣ್ಣಕ್ಕೆ ತಿರುಗುತ್ತದೆ. ಸಿಐಎಸ್ ಪಟ್ಟಿಗಳಿಗೆ ಕೆಲಸದ ಉಷ್ಣಾಂಶವನ್ನು 50 ಡಿಗ್ರಿಯ ಆಸುಪಾಸಿಗೆ ನಿಲ್ಲಿಸುವುದು ಮಾಮೂಲು. ಇದು ಸೆನ್ಸರ್‌ನ ಸುತ್ತಲಿನ ಗಾಳಿಯ ಲೆಕ್ಕ, ಕೋಣೆಯದ್ದಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ದಾಟಿರುತ್ತದೆ. ಮುಚ್ಚಿದ ಯಂತ್ರದೊಳಗೆ ಮೋಟರು, ಪವರ್ ಸಪ್ಲೈಗಳ ಬಿಸಿಯೂ ಸೇರಿದರೆ ಉಳಿಯುವ ಅಂತರ ತುಂಬಾ ಕಡಿಮೆ.

ತೇವಾಂಶದ ಅಂಕಿಯ ಪಕ್ಕದಲ್ಲಿ ‘ನಾನ್ ಕಂಡೆನ್ಸಿಂಗ್’ ಅಂತ ಇರುತ್ತದೆ. ಹನಿ ಕಟ್ಟಬಾರದು ಅಂತ ಅರ್ಥ. ಮಳೆಗಾಲದ ಮಂಗಳೂರಿನಲ್ಲಿ ಎಸಿ ಕೋಣೆಯಿಂದ ಯಂತ್ರವನ್ನು ಹೊರಗೆ ತಂದರೆ ತಣ್ಣಗಿನ ಗಾಜು, ಲೆನ್ಸ್ ಮೇಲೆ ತೇವ ಕೂರುತ್ತದೆ. ಆಗ ಆನ್ ಮಾಡದೆ, ಅದು ಹೊರಗಿನ ಗಾಳಿಯಷ್ಟೇ ಬಿಸಿಯಾಗುವ ತನಕ ಬಿಡಬೇಕು.

ಮೂರನೇ ಪಟ್ಟಿ, ಮತ್ತು ಹಾಳೆಯೇ ಸಿಗದಿದ್ದರೆ

ಇವೆರಡರ ಕೆಳಗೆ ‘ಎಲೆಕ್ಟ್ರಿಕಲ್ ಕ್ಯಾರೆಕ್ಟರಿಸ್ಟಿಕ್ಸ್’ ಅಂತ ಇನ್ನೊಂದು ಪಟ್ಟಿ ಬರುತ್ತದೆ. ಸೆನ್ಸರ್ ಎಷ್ಟು ಚುರುಕು, ಔಟ್‌ಪುಟ್ ಎಷ್ಟು, ಚುಕ್ಕಿಯಿಂದ ಚುಕ್ಕಿಗೆ ಎಷ್ಟು ವ್ಯತ್ಯಾಸ, ಎಲ್ಲ ಅಲ್ಲಿರುತ್ತದೆ. ಅದರ ತಲೆಯ ಮೇಲೆ ಒಂದು ಷರತ್ತು ಇದ್ದೇ ಇರುತ್ತದೆ: ಇಷ್ಟು ಸಪ್ಲೈ, ಇಷ್ಟು ಕ್ಲಾಕ್, 25 ಡಿಗ್ರಿ. ಎರಡು ಸೆನ್ಸರ್‌ಗಳನ್ನು ಹೋಲಿಸುವಾಗ ಆ ಸಾಲನ್ನು ಮೊದಲು ಓದಿ. ಷರತ್ತು ಬೇರೆ ಬೇರೆಯಾದರೆ ಹೋಲಿಕೆ ನಿಲ್ಲುವುದಿಲ್ಲ.

ಯಂತ್ರದಿಂದ ಬಿಚ್ಚಿದ ಸೆನ್ಸರ್‌ಗೆ ಡೇಟಾಶೀಟ್ ಸಿಗದಿರುವುದೇ ಹೆಚ್ಚು. ಯಂತ್ರ ಇನ್ನೂ ನಡೆಯುತ್ತಿದ್ದರೆ ಬಿಚ್ಚುವ ಮೊದಲೇ ಸಪ್ಲೈ ಪಿನ್‌ನ ವೋಲ್ಟೇಜನ್ನು ಮೀಟರ್‌ನಲ್ಲಿ ಅಳೆದು ಬರೆದುಕೊಳ್ಳಿ. ಸೆನ್ಸರ್ ಮಾತ್ರ ಕೈಗೆ ಬಂದಿದ್ದರೆ ಎಲ್‌ಇಡಿ ಪಿನ್‌ಗಳಿಂದ ಶುರು ಮಾಡಿ. 5 ವೋಲ್ಟ್‌ಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ ಒಂದೊಂದೇ ಪಿನ್ ಜೋಡಿ ಹುಡುಕಿದರೆ ಎಲ್‌ಇಡಿಗೆ ಹೋಗುವುದು 2-3 ಮಿಲಿಆಂಪ್ ಮಾತ್ರ. ಬಣ್ಣ ಮಂದವಾಗಿ ಕಂಡರೂ ಯಾವ ಪಿನ್ ಯಾವುದರದ್ದು ಅಂತ ಗೊತ್ತಾಗುತ್ತದೆ. ಚಿಪ್‌ನ ಸಪ್ಲೈ 3.3ಓ 5ಓ ಅಂತ ಅನುಮಾನ ಇದ್ದರೆ 3.3ರಿಂದಲೇ ಶುರು ಮಾಡಿ, ಸಿಗ್ನಲ್‌ಗಳೂ 3.3ರವೇ ಇರಲಿ. 5ರ ಸೆನ್ಸರ್‌ಗೆ 3.3 ಕೊಟ್ಟರೆ ಅದು ಓದದೇ ಇರಬಹುದು, ಕೆಡುವುದಿಲ್ಲ. 3.3ರ ಸೆನ್ಸರ್‌ಗೆ 5 ಕೊಟ್ಟರೆ ಆ ಭರವಸೆ ಇಲ್ಲ.